ನಿಮಗಿದು ಗೊತ್ತೇ? ಕಡಲಾಚೆಯ ಪುಟ್ಟ ಹಳೇ ಬೈಕು, ಅದರ ಕಾಗದಪತ್ರ

50 ಸಿಸಿಯ ಹೋಂಡಾ ಕಬ್, 125 ಸಿಸಿಯ ಬಿಎಸ್‌ಎ ಬ್ಯಾಂಟಮ್, 250 ಸಿಸಿಯ ಜಾವಾ. ಇಂಥ ಪುಟ್ಟ ಹಳೇ ಗಾಡಿಯೊಂದನ್ನು ಪರದೇಶದಿಂದ ತರಿಸಿ, ನಂಬರ್ ಪ್ಲೇಟ್ ಹಾಕಿಸಿ ರಸ್ತೆಗಿಳಿಸಬೇಕೆಂಬ ಆಸೆ ಬೆಂಗಳೂರಲ್ಲೂ ಇದೆ, ಲಂಡನ್ನಿನಲ್ಲೂ ಇದೆ, ಕ್ಯಾಲಿಫೋರ್ನಿಯಾದಲ್ಲೂ ಇದೆ. ತುಕ್ಕು ಬಿಡಿಸಬಹುದು, ಪಿಸ್ಟನ್ ಹುಡುಕಬಹುದು. ಹುಟ್ಟಿದ ವರ್ಷಕ್ಕೆ ಪುರಾವೆ ಇಲ್ಲದಿದ್ದರೆ ಮಾತ್ರ ಗಾಡಿ ಶೆಡ್ಡಿನಲ್ಲೇ ಉಳಿಯುತ್ತದೆ. ಹಾಗಾಗಿ ಬಣ್ಣಕ್ಕಿಂತ ಮೊದಲು ಚಾಸಿ ನಂಬರು ನೋಡಬೇಕು, ಎಂಜಿನ್ನಿನ ಸದ್ದಿಗಿಂತ ಮೊದಲು ಕಾಗದ ಕೇಳಬೇಕು.

● ಎಷ್ಟು ವಯಸ್ಸಾದರೆ ಬೈಕು ‘ಹಳೆಯದು’? ದೇಶಕ್ಕೊಂದು ಉತ್ತರ. ಭಾರತದಲ್ಲಿ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಬೇಕು. ಬ್ರಿಟನ್ನಿನಲ್ಲಿ 40 ದಾಟಿದರೆ ಐತಿಹಾಸಿಕ ವಾಹನವೆಂದು ರಸ್ತೆ ತೆರಿಗೆ ಮಾಫಿ. ಜರ್ಮನಿಯಲ್ಲಿ 30 ತುಂಬಿದರೆ ನಂಬರಿನ ಕೊನೆಗೆ ‘ಎಚ್’ ಅಕ್ಷರದ ಪ್ಲೇಟ್ ಕೇಳಬಹುದು. ಅಮೆರಿಕದಲ್ಲಿ 25 ಸಾಕು. ಅಲ್ಲಿನ ಸುರಕ್ಷತಾ ಮಾನದಂಡಗಳಿಗೆ ಹೊಂದದ ಗಾಡಿಯನ್ನೂ ಒಳಗೆ ತರಬಹುದು. 1980ರಲ್ಲಿ ತಯಾರಾದ ಒಂದೇ ಬೈಕಿಗೆ ಅಮೆರಿಕದ ಬಾಗಿಲು 2005ರಲ್ಲೇ ತೆರೆಯಿತು. ಭಾರತದಲ್ಲಿ ಅದು ವಿಂಟೇಜ್ ಆಗಲು 2030 ಬರಬೇಕು.

● ನಮ್ಮಲ್ಲಿ ಆ 50 ವರ್ಷವನ್ನು ಲೆಕ್ಕ ಹಾಕುವುದು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲ್ಲ, ಮೊದಲ ಮಾರಾಟದ ನಂತರ ಮೊದಲ ಸಲ ನೋಂದಣಿಯಾದ ದಿನದಿಂದ. ಹೊರದೇಶದ ಗಾಡಿಗೂ ಇದೇ ಲೆಕ್ಕ. ಮಾರುವವರು ‘1974ರ ಮಾಡೆಲ್’ ಎಂದರೆ ಮೊದಲ ನೋಂದಣಿ ಯಾವಾಗ ಎಂದು ಮರುಪ್ರಶ್ನೆ ಹಾಕಿ. ಎರಡು ವರ್ಷ ಷೋರೂಮಿನಲ್ಲೇ ನಿಂತಿದ್ದ ಗಾಡಿಯಾದರೆ ನೀವೂ ಎರಡು ವರ್ಷ ಕಾಯಬೇಕಾದೀತು.

● ವಿಂಟೇಜ್ ಗಾಡಿಗಳಿಗೆಂದೇ ನೋಂದಣಿ ನಿಯಮ ಬಂದದ್ದು 2021ರ ಜುಲೈನಲ್ಲಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಪುಟ್ಟ ಮೊಪೆಡ್ಡಿನಿಂದ ಹಿಡಿದು ಕಾರಿನವರೆಗೆ, ಖಾಸಗಿ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸದಾಗಿ ನೋಂದಾಯಿಸಲು ಶುಲ್ಕ ₹20,000. ಸಿಂಧುತ್ವ 10 ವರ್ಷ. ಆಮೇಲೆ ನವೀಕರಣಕ್ಕೆ ₹5,000. ಅರ್ಜಿ ಪರಿವಾಹನ್ ಪೋರ್ಟಲ್‌ನಲ್ಲಿ, ನಮೂನೆ 20ರಲ್ಲಿ. ಎಲ್ಲ ಸರಿಯಿದ್ದರೆ 60 ದಿನಗಳೊಳಗೆ ನಮೂನೆ 23-ಎ ಪ್ರಮಾಣಪತ್ರ ಕೊಡಬೇಕೆಂದು ನಿಯಮವೇ ಹೇಳುತ್ತದೆ.

● ಆ ಪ್ಲೇಟಿನಲ್ಲಿ ರಾಜ್ಯದ ಸಂಕೇತದ ಪಕ್ಕದಲ್ಲೇ ‘ವಿಎ’ ಎಂಬ ಎರಡು ಅಕ್ಷರ ಇರುತ್ತದೆ. ಕರ್ನಾಟಕದ್ದಾದರೆ ಕೆಎ, ವಿಎ, ಮತ್ತೆರಡು ಅಕ್ಷರ, ಕೊನೆಗೆ ನಾಲ್ಕು ಅಂಕಿ. ಈಗಾಗಲೇ ಇಲ್ಲಿ ನೋಂದಣಿಯಾಗಿರುವ ಗಾಡಿಗೆ ಈ ಹೊಸ ನಂಬರು ಕಡ್ಡಾಯವಲ್ಲ, ಹಳೆಯದನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಸರಣಿಯ ನಂಬರು ಇರುವವರು ದಯವಿಟ್ಟು ಅದನ್ನು ಬಿಟ್ಟುಕೊಡಬೇಡಿ. ಆ ಎರಡಕ್ಷರ ನಾಡಿನ ಚರಿತ್ರೆಯ ತುಣುಕು.

● ಹೊರದೇಶದ ಬೈಕಿಗೆ ಇಲ್ಲಿ ತಾಯಿಬೇರಿನಂಥ ದಾಖಲೆ ‘ಬಿಲ್ ಆಫ್ ಎಂಟ್ರಿ’. ಸುಂಕ ಕಟ್ಟಿ ಕಸ್ಟಮ್ಸ್‌ನಿಂದ ಗಾಡಿ ಬಿಡಿಸಿಕೊಂಡದ್ದಕ್ಕೆ ಅದೇ ಸಾಕ್ಷಿ, ವಿಂಟೇಜ್ ನೋಂದಣಿಯ ಅರ್ಜಿಗೂ ಅದನ್ನು ಲಗತ್ತಿಸಬೇಕು. ಹಡಗಿನ ಕಂಪನಿ ಕೊಡುವ ‘ಬಿಲ್ ಆಫ್ ಲೇಡಿಂಗ್’ ಬೇರೆ, ಇದು ಬೇರೆ. ಇಲ್ಲಿಗೆ ಬಂದ ಮೇಲೆ ಎರಡು ಮೂರು ಕೈ ಬದಲಾದ ಗಾಡಿಯನ್ನು ಕೊಳ್ಳುವಾಗ ಬಿಲ್ ಆಫ್ ಎಂಟ್ರಿಯ ಮೂಲ ಪ್ರತಿಯನ್ನೇ ಕೇಳಿ. ಇಲ್ಲ ಎಂದರೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ. ಎಷ್ಟು ಚೆಂದದ ಗಾಡಿಯಾದರೂ ಸರಿ.

● ಹಳೆಯ ಬೈಕನ್ನು ಆಮದು ಮಾಡಲು ಬಿಡುವ ನಿಯಮವೇ ವಿಶೇಷವಾದದ್ದು. ಬಳಸಿದ ವಾಹನವಾದರೆ ಸಾಮಾನ್ಯವಾಗಿ 3 ವರ್ಷಕ್ಕಿಂತ ಹಳೆಯದಾಗಿರಬಾರದು, ಅದೂ ಮುಂಬಯಿ ಬಂದರಿನ ಮೂಲಕವೇ ಬರಬೇಕು. ವಿಂಟೇಜ್ ವಾಹನಗಳಿಗೆ ಬಹಳ ಕಾಲ 1950ರ ಜನವರಿ 1 ಗಡಿ ದಿನಾಂಕವಾಗಿತ್ತು, ಅದಕ್ಕೂ ಮುಂಚೆ ತಯಾರಾಗಿರಬೇಕಿತ್ತು. 2025ರಲ್ಲಿ ಆ ಗಡಿಯನ್ನು ತೆಗೆದು 50 ವರ್ಷ ದಾಟಿದ ವಾಹನ ಎಂದು ಬದಲಿಸಿದರು. 1958ರ ಕಬ್, 1969ರ ಡ್ಯಾಕ್ಸ್‌ನಂಥ ಜಪಾನಿ ಪುಟಾಣಿಗಳ ಮೇಲೆ ನಮ್ಮವರು ಕಣ್ಣಿಡುವಂತಾದದ್ದು ಆಮೇಲೆಯೇ. 3 ಮತ್ತು 50ರ ನಡುವೆ ಇರುವ ಗಾಡಿಗಳಿಗೆ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಸುಂಕದ ಲೆಕ್ಕವನ್ನು ಹಣ ಕಳಿಸುವ ಮೊದಲೇ ಕಸ್ಟಮ್ಸ್ ಏಜೆಂಟರಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಅಂದಾಜು ಬಂದರಿನಲ್ಲಿ ನಡೆಯುವುದಿಲ್ಲ.

● ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇವಿಷ್ಟಕ್ಕೆ ಮಾತ್ರ ರಸ್ತೆ. ಬಾಡಿಗೆಗೆ ಬಿಡುವುದಂತೂ ಇಲ್ಲವೇ ಇಲ್ಲ.

● ಚಾಸಿ, ಎಂಜಿನ್, ಮೈಕಟ್ಟು ಮೂಲ ರೂಪದಲ್ಲೇ ಇರಬೇಕು ಎನ್ನುವುದು ಇದೇ ನಿಯಮದ ಇನ್ನೊಂದು ಷರತ್ತು. ಹಳೇ ಫ್ರೇಮಿಗೆ ಹೊಸ ಎಂಜಿನ್ ಕೂರಿಸಿ ‘ರಿಸ್ಟೋರ್ ಮಾಡಿದ್ದು’ ಎನ್ನುವವರ ಹತ್ತಿರ ಹುಷಾರಾಗಿರಿ.

● ಎಂಜಿನ್ 25 ಸಿಸಿ ಮೀರದಿದ್ದರೆ, ಚಕ್ರ ನಾಲ್ಕಕ್ಕಿಂತ ಕಡಿಮೆಯಿದ್ದರೆ, 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು ‘ಮೋಟಾರು ವಾಹನ’ವೇ ಅಲ್ಲ.

● ಪ್ರವಾಸಿಗರು ತಮ್ಮ ಬೈಕನ್ನು ‘ಕಾರ್ನೆ’ ಎಂಬ ಕಸ್ಟಮ್ಸ್ ಪುಸ್ತಕದ ಮೇಲೆ ಸುಂಕ ಕಟ್ಟದೆ ಭಾರತಕ್ಕೆ ತರಬಹುದು. ಆದರೆ ವಾಯಿದೆ ಮುಗಿಯುವುದರೊಳಗೆ ಗಾಡಿ ದೇಶದಿಂದ ಹೊರಗೆ ಹೋಗಲೇಬೇಕು. ಹಾಗೆ ಬಂದು ವಾಪಸು ಹೋಗದೆ ಇಲ್ಲಿ ಕೈ ಬದಲಾದ ಬೈಕು ಕಾನೂನಿನ ಕಣ್ಣಿನಲ್ಲಿ ಕಳ್ಳಸಾಗಣೆಯ ಮಾಲು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರ ಮನೆ ಬಾಗಿಲಿಗೇ ಕಸ್ಟಮ್ಸ್‌ನವರು ಬರುತ್ತಾರೆ.

ಇನ್ನು ಗಾಡಿ ಹುಟ್ಟಿದ ಊರಿನ ಕಡೆ ಹೋಗೋಣ.

● ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಮೋಟಾರು ವಾಹನ ಕಾರಲ್ಲ, ಹೋಂಡಾ ಸೂಪರ್ ಕಬ್. ಮೊದಲ ಮಾಡೆಲ್ ಸಿ100 ಬಂದದ್ದು 1958ರ ಆಗಸ್ಟ್‌ನಲ್ಲಿ. 49 ಸಿಸಿ ಫೋರ್ ಸ್ಟ್ರೋಕ್ ಎಂಜಿನ್, ಮೂರು ಗೇರು, ಕೈಯಲ್ಲಿ ಹಿಡಿಯುವ ಕ್ಲಚ್ಚೇ ಇಲ್ಲ. 2017ರಲ್ಲಿ ಒಟ್ಟು ಉತ್ಪಾದನೆ 10 ಕೋಟಿ ದಾಟಿತು. 2014ರಲ್ಲಿ ಅದರ ಆಕಾರಕ್ಕೇ ಜಪಾನಿನಲ್ಲಿ ಮೂರು ಆಯಾಮದ ಟ್ರೇಡ್‌ಮಾರ್ಕ್ ಸಿಕ್ಕಿತು. ವಾಹನವೊಂದರ ರೂಪಕ್ಕೆ ಆ ದೇಶ ಅಂಥ ಮನ್ನಣೆ ಕೊಟ್ಟದ್ದು ಅದೇ ಮೊದಲು.

● ಅಮೆರಿಕದಲ್ಲಿ ಅದೇ ಗಾಡಿ ‘ಹೋಂಡಾ 50’. ಸೂಪರ್ ಕಬ್ ಎಂಬ ಹೆಸರಿನ ವಿಮಾನವನ್ನು ಪೈಪರ್ ಕಂಪನಿ ಅಲ್ಲಿ ಮೊದಲೇ ಮಾರುತ್ತಿತ್ತು. ಅಮೆರಿಕದಿಂದ ಕಬ್ ತರಿಸುವವರು ಎರಡೂ ಹೆಸರಿನಲ್ಲಿ ಹುಡುಕಬೇಕು.

● ಜಪಾನಿನಲ್ಲಿ 125 ಸಿಸಿಯವರೆಗಿನ ಬೈಕಿಗೆ ನಂಬರ್ ಪ್ಲೇಟ್ ಕೊಡುವುದು ಸಾರಿಗೆ ಇಲಾಖೆಯಲ್ಲ, ಊರಿನ ಪುರಸಭೆ. 50 ಸಿಸಿಯವರೆಗೆ ಬಿಳಿ ಪ್ಲೇಟು, 90ರವರೆಗೆ ಹಳದಿ, 125ರವರೆಗೆ ತಿಳಿಗೆಂಪು. ಗಾಡಿ ಮಾರುವಾಗ ಮಾಲೀಕ ಆ ಪ್ಲೇಟನ್ನು ಪುರಸಭೆಗೆ ಒಪ್ಪಿಸಿ ನೋಂದಣಿ ರದ್ದಾದ ಪತ್ರ ಪಡೆಯುತ್ತಾನೆ. ಕಡಲಾಚೆ ಕೊಳ್ಳುವವನಿಗೆ ಬೇಕಾದದ್ದು ಈ ಒಂದು ಹಾಳೆ. ಪುರಸಭೆಯ ಮುದ್ರೆ, ಫ್ರೇಮ್ ನಂಬರು ಎರಡೂ ಅದರಲ್ಲಿರುತ್ತವೆ. ಚಿತ್ರದಲ್ಲಿ ಫಳಫಳ ಹೊಳೆಯುವ ಬೈಕಿಗೆ ಈ ಹಾಳೆ ಇಲ್ಲ, ಕೊಟ್ಟಿಗೆಯಲ್ಲಿ ಧೂಳು ಹಿಡಿದ ಬೈಕಿಗೆ ಇದೆ ಎಂದಾದರೆ ನನ್ನ ಆಯ್ಕೆ ಎರಡನೆಯದೇ. ನೀವೂ ಹಾಗೇ ಮಾಡಿ.

● ಹೋಂಡಾ ಮಂಕಿಯ ಹಿರಿಯಣ್ಣ ರಸ್ತೆಗೆಂದು ಹುಟ್ಟಿದ್ದೇ ಅಲ್ಲ. 1961ರಲ್ಲಿ ಟೋಕಿಯೋದ ಟಾಮಾ ಟೆಕ್ ಎಂಬ ಮನರಂಜನಾ ಉದ್ಯಾನದಲ್ಲಿ ಮಕ್ಕಳು ಓಡಿಸಲೆಂದು ಝಡ್100 ಮಾಡಿದರು, ಚಕ್ರ ಬರೀ 5 ಇಂಚು. ಜಪಾನಿನ ರಸ್ತೆಗೆ ಮಾರಾಟಕ್ಕೆ ಬಂದ ಝಡ್50ಎಂ 1967ರದು. ಕಾರಿನ ಡಿಕ್ಕಿಯಲ್ಲಿ ಹಿಡಿಸಲೆಂದು ಹ್ಯಾಂಡಲ್ ಮಡಚುವಂತೆ ಮಾಡಿದ್ದರು.

● ‘1972ರ ಅಸಲಿ ಮಂಕಿ’ ಎಂದು ತೋರಿಸಿದ ಗಾಡಿಯ ಫ್ರೇಮ್ ಮೇಲೆ 17 ಅಕ್ಷರಾಂಕಿಯ ಸಂಖ್ಯೆ ಇದ್ದು, ಅದು ‘ಎಲ್’ ಅಕ್ಷರದಿಂದ ಶುರುವಾಗಿದ್ದರೆ ಆ ಫ್ರೇಮ್ ಚೀನಾದಲ್ಲಿ ತಯಾರಾದ ನಕಲು. 17ರ ಪದ್ಧತಿ ಅಮೆರಿಕದಲ್ಲಿ ಕಡ್ಡಾಯವಾದದ್ದೇ 1981ರ ಮಾಡೆಲ್‌ಗಳಿಂದ. ಅದಕ್ಕೂ ಮುಂಚಿನ ಜಪಾನಿ ಬೈಕುಗಳಲ್ಲಿ ಮಾಡೆಲ್ ಹೆಸರು, ಒಂದು ಅಡ್ಡಗೆರೆ, ಕೆಲವು ಅಂಕಿಗಳು, ಅಷ್ಟೇ. ಆ ಪುಟ್ಟ ನಂಬರನ್ನು ಕಚೇರಿಯ ಕಂಪ್ಯೂಟರ್ ತಪ್ಪೆಂದು ತಿರಸ್ಕರಿಸಿದರೆ ಗಾಬರಿ ಬೇಡ; ಅಂದಿನ ಕ್ರಮವೇ ಹಾಗಿತ್ತೆಂದು ತಯಾರಕರ ಇಲ್ಲವೇ ಕ್ಲಬ್ಬಿನ ಪತ್ರ ಇಟ್ಟು ವಿವರಿಸಬೇಕು.

● ಹಳೇ ಹೋಂಡಾದ ಫ್ರೇಮ್ ನಂಬರೂ ಎಂಜಿನ್ ನಂಬರೂ ಒಂದೇ ಆಗಿರುವುದಿಲ್ಲ. ಕಾರ್ಖಾನೆಯಿಂದಲೇ ಬೇರೆ ಬೇರೆ. ಎರಡೂ ಒಂದೇ ಆಗಿಲ್ಲವೆಂದು ಒಳ್ಳೆಯ ಗಾಡಿಯನ್ನು ಕೈಬಿಡಬೇಡಿ.

● 50 ಸಿಸಿಯ ಕಾಲ ಜಪಾನಿನಲ್ಲೇ ಮುಗಿದಿದೆ. ಹೊಗೆ ನಿಯಮ ಬಿಗಿಯಾದ್ದರಿಂದ ಹೋಂಡಾ 2025ರಲ್ಲಿ 50 ಸಿಸಿ ಗಾಡಿಗಳ ಉತ್ಪಾದನೆ ನಿಲ್ಲಿಸಿತು. ಅದೇ ವರ್ಷ ಏಪ್ರಿಲ್‌ನಿಂದ, ಶಕ್ತಿ 4 ಕಿಲೋವ್ಯಾಟ್ ಮೀರದಂತೆ ಕಟ್ಟುಹಾಕಿದ 125 ಸಿಸಿ ಗಾಡಿಗಳನ್ನೂ ಹಳೆಯ 50 ಸಿಸಿ ಲೈಸೆನ್ಸಿನಲ್ಲೇ ಓಡಿಸಲು ಬಿಟ್ಟರು. ಉಳಿದಿರುವ ಹಳೆಯ ಕಬ್‌ಗಳಿಗೆ ಇನ್ನು ಮೇಲೆ ಬೆಲೆ ಹೆಚ್ಚುವುದೇ ಹೊರತು ಇಳಿಯಲಾರದು.

● ಬ್ರಿಟನ್ನಿಗೆ ಬೈಕು ತರಿಸಿದರೆ 14 ದಿನಗಳೊಳಗೆ ತೆರಿಗೆ ಇಲಾಖೆಗೆ ‘ನೋವಾ’ ಎಂಬ ಸೂಚನೆ ಸಲ್ಲಿಸಬೇಕು. ಅದಾಗದೆ ಅಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎ ಅರ್ಜಿ ಮುಟ್ಟುವುದಿಲ್ಲ. ಮೊದಲ ನೋಂದಣಿಗೆ ಶುಲ್ಕ 55 ಪೌಂಡ್. 30 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ, ಈಗ ತಯಾರಾಗದ ಮಾಡೆಲ್ ಆದರೆ ಸಂಗ್ರಾಹ್ಯ ವಸ್ತುವೆಂದು ಆಮದು ಸುಂಕ ಮಾಫಿ, ವ್ಯಾಟ್ ಶೇ. 20ರ ಬದಲು ಶೇ. 5. ಕಲಾಕೃತಿಗೆ ಸಲ್ಲುವ ರಿಯಾಯಿತಿ ಒಂದು ಪುಟ್ಟ ಬೈಕಿಗೂ ಸಲ್ಲುತ್ತದೆ ಎಂಬುದು ನನಗೆ ತುಂಬ ಮೆಚ್ಚಿಗೆಯಾದ ವಿಷಯ.

● ಅಲ್ಲಿ ವಯಸ್ಸಿಗೆ ಪುರಾವೆ ಕೊಡುವ ಕೆಲಸವನ್ನು ಹಳೇ ಬೈಕುಗಳ ಕ್ಲಬ್ಬುಗಳೇ ಮಾಡುತ್ತವೆ. ಜಪಾನಿ ಗಾಡಿಯಾದರೆ ವಿಂಟೇಜ್ ಜಪಾನೀಸ್ ಮೋಟಾರ್‌ಸೈಕಲ್ ಕ್ಲಬ್ ಫ್ರೇಮ್ ನಂಬರು ಪರಿಶೀಲಿಸಿ ತಯಾರಾದ ವರ್ಷದ ಪ್ರಮಾಣಪತ್ರ ಕೊಡುತ್ತದೆ, ಸರ್ಕಾರ ಅದನ್ನು ಒಪ್ಪುತ್ತದೆ. ಪುರಾವೆ ಇದ್ದರೆ ಗಾಡಿಯ ಕಾಲಕ್ಕೆ ಹೊಂದುವ ನಂಬರು. ಇಲ್ಲದಿದ್ದರೆ ‘ಕ್ಯೂ’ ಅಕ್ಷರದ ಪ್ಲೇಟು. ವಯಸ್ಸು ಗೊತ್ತಿಲ್ಲದ ಗಾಡಿ ಎಂದು ಅದು ದಾರಿಹೋಕರಿಗೆಲ್ಲ ಸಾರುತ್ತಿರುತ್ತದೆ, ಮಾರುವಾಗ ಬೆಲೆಯೂ ಬೀಳುತ್ತದೆ. ನಮ್ಮ ಊರುಗಳ ಜಾವಾ, ಯೆಜ್ಡಿ, ಬುಲೆಟ್ ಕ್ಲಬ್ಬುಗಳ ಅನುಭವವನ್ನೂ ಸರ್ಕಾರ ಹೀಗೆ ಬಳಸಿಕೊಂಡರೆ ಆರ್‌ಟಿಓ ಕಚೇರಿಯ ಎಷ್ಟೋ ಅಲೆದಾಟ ತಪ್ಪುತ್ತದೆ.

● 1971ರ ಕೊನೆಯಲ್ಲಿ ಬ್ರಿಟನ್ ಸರ್ಕಾರ 16ರ ಹರೆಯದವರು ಪೆಡಲ್ ಇರುವ 50 ಸಿಸಿ ಮೊಪೆಡ್ ಬಿಟ್ಟು ಬೇರೇನೂ ಓಡಿಸಬಾರದೆಂದು ನಿಯಮ ತಂದಿತು. ಯಮಹಾ ತನ್ನ ಚುರುಕಾದ 50 ಸಿಸಿ ಬೈಕಿಗೇ ಪೆಡಲ್ ಜೋಡಿಸಿ ಎಫ್‌ಎಸ್1-ಇ ಎಂದು ಮಾರಿತು. ಒಂದು ಇಡೀ ಪೀಳಿಗೆಯ ಹುಡುಗರ ಮೊದಲ ಗಾಡಿ ಅದು. ಈಗ ಅವರೇ ಅರವತ್ತು ದಾಟಿ, ಅದನ್ನೇ ಸಾವಿರಾರು ಪೌಂಡ್ ಕೊಟ್ಟು ಕೊಳ್ಳುತ್ತಿದ್ದಾರೆ.

● ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಬೈಕುಗಳಲ್ಲೊಂದು ಜರ್ಮನಿಯ ಡಿಕೆಡಬ್ಲ್ಯು ಆರ್‌ಟಿ125. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅದರ ವಿನ್ಯಾಸ ಪರಿಹಾರದ ರೂಪದಲ್ಲಿ ಗೆದ್ದವರ ಪಾಲಾಯಿತು. ಬ್ರಿಟನ್ನಿನ ಬಿಎಸ್‌ಎ ಬ್ಯಾಂಟಮ್, ಅಮೆರಿಕದ ಹಾರ್ಲೆಯ 125, ಸೋವಿಯತ್ ದೇಶದ ಮಾಸ್ಕ್ವಾ ಎಲ್ಲವೂ ಅದರಿಂದಲೇ ಹುಟ್ಟಿದವು. 1955ರಲ್ಲಿ ಯಮಹಾ ತಯಾರಿಸಿದ ಮೊಟ್ಟಮೊದಲ ಬೈಕು ವೈಎ-1ಕ್ಕೂ ಮಾದರಿ ಅದೇ. ಬಿಎಸ್‌ಎಯವರು ಗೇರನ್ನು ಬಲಗಾಲಿಗೆ ತರಲು ಇಡೀ ಎಂಜಿನ್ನನ್ನು ಕನ್ನಡಿಯ ಬಿಂಬದ ಹಾಗೆ ತಿರುಗಿಸಿ ಮಾಡಿದರು.

● ಆ ಬಲಗಾಲಿನ ಗೇರು ಹಳೇ ಬ್ರಿಟಿಷ್ ಗಾಡಿ ಕೊಳ್ಳುವವರಿಗೆ ಜೀವದ ಪ್ರಶ್ನೆ. ಬಲಗಡೆ ಗೇರು, ಎಡಗಡೆ ಬ್ರೇಕು. ಗಾಬರಿಯಲ್ಲಿ ಅಭ್ಯಾಸಬಲದಿಂದ ಬಲಗಾಲು ಒತ್ತಿದರೆ ಗಾಡಿ ನಿಲ್ಲುವುದಿಲ್ಲ. ಅಮೆರಿಕ ಎಡಗಾಲಿನ ಗೇರನ್ನು 1970ರ ದಶಕದ ಮಧ್ಯದಲ್ಲಿ ಕಡ್ಡಾಯ ಮಾಡಿತು. ಬೇರೆಡೆಯ ತಯಾರಕರೂ ಅದಕ್ಕೆ ಹೊಂದಿಕೊಂಡರು. ನಮ್ಮ ಮದರಾಸಿನ ಬುಲೆಟ್ ಮಾತ್ರ ಎಷ್ಟೋ ಕಾಲ ಬಲಗಾಲನ್ನೇ ಬಿಡಲಿಲ್ಲ. ಖಾಲಿ ಮೈದಾನದಲ್ಲಿ ಕಾಲು ಪಳಗಿದ ಮೇಲೆಯೇ ರಸ್ತೆಗೆ ಬನ್ನಿ.

● ಅಮೆರಿಕಕ್ಕೆ ತರುವ ಬೈಕಿಗೆ ಎರಡು ನಮೂನೆ ತುಂಬಬೇಕು: ಸುರಕ್ಷತೆಗೆ ಎಚ್‌ಎಸ್-7, ಹೊಗೆಗೆ 3520-1. 1978ಕ್ಕೆ ಮುಂಚಿನ ಬೈಕಿಗೆ ಅಲ್ಲಿನ ಕೇಂದ್ರ ಹೊಗೆ ನಿಯಮವೇ ಅನ್ವಯಿಸದು. 25 ವರ್ಷವನ್ನು ತಯಾರಾದ ದಿನದಿಂದ ಎಣಿಸುತ್ತಾರೆ. ಗಾಡಿಯ ಮೇಲೆ ದಿನಾಂಕದ ಪಟ್ಟಿ ಇಲ್ಲದಿದ್ದರೆ ಮೊದಲ ಮಾರಾಟದ ಬಿಲ್ಲು ಇಲ್ಲವೇ ಹಳೆಯ ನೋಂದಣಿ ಪತ್ರ ತೋರಿಸಬೇಕು. ಇಷ್ಟೆಲ್ಲ ಆದರೂ ಪ್ಲೇಟು ಕೊಡುವುದು ಆಯಾ ರಾಜ್ಯ, ಒಂದೊಂದು ರಾಜ್ಯಕ್ಕೆ ಒಂದೊಂದು ಕ್ರಮ.

● ಮಡ್‌ಗಾರ್ಡಿನ ಒಳಗೆ ಹೊರದೇಶದ ಮಣ್ಣು ಅಂಟಿದ್ದರೆ ಅಮೆರಿಕದ ಬಂದರಿನಲ್ಲಿ ಗಾಡಿ ತಡೆಹಿಡಿಯುತ್ತಾರೆ. ಬೆಳೆಗೆ ಬರುವ ರೋಗ, ಕೀಟಗಳ ಭಯ. ಹಡಗಿಗೆ ಹಾಕುವ ಮೊದಲೇ ಹಬೆಯಲ್ಲಿ ತೊಳೆಸಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ.

● ‘ಆಲ್‌ಸ್ಟೇಟ್’ ಎಂಬ ಹೆಸರಿನ ಹಳೇ ಅಮೆರಿಕನ್ ಬೈಕು ಅಮೆರಿಕದ್ದಲ್ಲ. ಸಿಯರ್ಸ್ ಎಂಬ ಅಂಗಡಿ ಆಸ್ಟ್ರಿಯಾದ ಪುಕ್ ಬೈಕುಗಳನ್ನು ಆ ಹೆಸರಿನಲ್ಲಿ ಮಾರುತ್ತಿತ್ತು. ‘ರಿವರ್‌ಸೈಡ್’ ಎಂದಿದ್ದರೆ ಮಾಂಟ್ಗೊಮರಿ ವಾರ್ಡ್ ಅಂಗಡಿಯದು, ಎಷ್ಟೋ ಸಲ ಒಳಗೆ ಇಟಲಿಯ ಬೆನೆಲಿ. ಬಿಡಿಭಾಗ ಹುಡುಕುವ ಮೊದಲು ಇದು ತಿಳಿದಿರಬೇಕು.

● ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಝೆಕ್ ವಿನ್ಯಾಸದ ಬೈಕುಗಳನ್ನು ತಯಾರಿಸತೊಡಗಿತು, 1996ರಲ್ಲಿ ಮುಚ್ಚಿತು. ಎಂದರೆ ಅಲ್ಲಿಂದ ಹೊರಬಂದ ಕಟ್ಟಕಡೆಯ ಯೆಜ್ಡಿ ಕೂಡ 2021ಕ್ಕೆ ಅಮೆರಿಕದ 25 ವರ್ಷದ ಗಡಿ ದಾಟಿದೆ. ಅಪ್ಪ ಓಡಿಸುತ್ತಿದ್ದ ಗಾಡಿಯನ್ನು ತರಿಸಿಕೊಳ್ಳಬೇಕೆನ್ನುವ ಅಮೆರಿಕದ ಕನ್ನಡಿಗರಿಗೆ ವಯಸ್ಸಿನ ಅಡ್ಡಿ ಇನ್ನಿಲ್ಲ. ಇಲ್ಲೇ ಇರುವವರಿಗೆ ಇನ್ನೊಂದು ಲೆಕ್ಕ: ಯಮಹಾ ಆರ್‌ಎಕ್ಸ್100 ಭಾರತಕ್ಕೆ ಬಂದದ್ದು 1985ರಲ್ಲಿ, ಹಾಗಾಗಿ ಮೊದಲ ಸಾಲಿನ ಗಾಡಿಯೂ ವಿಂಟೇಜ್ ಆಗುವುದು 2035ಕ್ಕೆ.

● ನಂಬರು ಉಜ್ಜಿ ಅಳಿಸಿದರೂ ಪೂರ್ತಿ ಅಳಿಯುವುದಿಲ್ಲ. ಅಚ್ಚು ಹೊಡೆದಾಗ ಅಕ್ಷರದ ಕೆಳಗಿನ ಲೋಹವೂ ಒತ್ತಿ ಬಿಗಿಯುತ್ತದೆ. ಮೇಲ್ಮೈಗೆ ಆಮ್ಲ ಸವರಿದರೆ ಆ ಜಾಗ ಸುತ್ತಲಿನದಕ್ಕಿಂತ ಬೇರೆ ರೀತಿ ಕರಗಿ ಹಳೆಯ ಅಂಕಿ ಮತ್ತೆ ಕಾಣುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳು ಕಳವಿನ ಗಾಡಿ ಪತ್ತೆಹಚ್ಚುವುದು ಹೀಗೆ. ಆರ್‌ಟಿಓದಲ್ಲಿ ಕೇಳುವ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟನ್ನು ಮುಂಗಡ ಕೊಡುವ ಮೊದಲೇ ನೀವೇ ತೆಗೆದು ನೋಡಿ. ಅಕ್ಷರ ಸೊಟ್ಟಗಿದ್ದರೆ, ಸುತ್ತ ಉಜ್ಜಿದ ಗೆರೆ ಮೂಡಿದರೆ ಎದ್ದು ಬನ್ನಿ.

● ಹಳೇ ಜಪಾನಿ ಬೈಕಿನ ಸ್ಕ್ರೂಗಳಿಗೆ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಸರಿಹೊಂದದು. ಅವು ‘ಜಿಸ್’ ಎಂಬ ಜಪಾನಿ ಅಳತೆಯವು. ಮಾಮೂಲಿಯದನ್ನು ಹಾಕಿ ತಿರುಗಿಸಿದರೆ ಜಾರಿ ಸ್ಕ್ರೂ ತಲೆ ಹಾಳಾಗುತ್ತದೆ. ಜಿಸ್ ಡ್ರೈವರ್ ಒಂದನ್ನು ಮೊದಲೇ ಕೊಂಡಿಡಿ.

● ಜಪಾನ್, ಬ್ರಿಟನ್, ಭಾರತ ಮೂರರಲ್ಲೂ ಎಡಗಡೆ ಸಂಚಾರ. ಹೆಡ್‌ಲೈಟ್ ಡಿಪ್ ಮಾಡಿದಾಗ ಬೆಳಕು ಎಡಕ್ಕೆ ವಾಲುತ್ತದೆ. ಅಮೆರಿಕದ್ದಾದರೆ ಬಲಕ್ಕೆ, ಎಂದರೆ ಇಲ್ಲಿ ಎದುರು ಬರುವವರ ಕಣ್ಣಿಗೆ. ಬದಲಿಸಿಯೇ ತಪಾಸಣೆಗೆ ಒಯ್ಯಿರಿ.

● ಟೈರಿನ ಪಕ್ಕದ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಟೈರು 2000ಕ್ಕೂ ಹಿಂದಿನದು. ಮೇಲಿನ ಗೀರು ಎಷ್ಟೇ ಆಳವಿರಲಿ, ಅದನ್ನು ಬಿಸಾಡಿ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೇ ಗಾಡಿಯ ಕೈಬರಹದ ಆರ್‌ಸಿ ಪುಸ್ತಕ, ತೆರಿಗೆ ಕಾರ್ಡು, ಷೋರೂಮಿನ ಬಿಲ್ಲು ಏನೇ ಸಿಕ್ಕಿದರೂ ರದ್ದಿಗೆ ಹಾಕಬೇಡಿ. ಕಂಪ್ಯೂಟರ್ ಬರುವ ಮೊದಲಿನ ನೋಂದಣಿಗಳೆಲ್ಲ ಪರಿವಾಹನ್ ದಾಖಲೆಗೆ ಏರಿಲ್ಲ. ಮೂಲ ಪುಸ್ತಕ ಕೈಲಿದ್ದರೆ ಗಾಡಿ ನೋಂದಣಿಯಾದ ಆರ್‌ಟಿಓದಲ್ಲಿ ಅದನ್ನು ಸೇರಿಸಿಕೊಡಲು ಕೇಳಬಹುದು. ಗಾಡಿ ಗುಜರಿಗೆ ಹೋಗಿಲ್ಲವಾದರೆ ಇವತ್ತೇ ಆ ಪುಸ್ತಕ ತೆಗೆದು, ಅದರಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನದರೊಂದಿಗೆ ತಾಳೆ ನೋಡಿ.